ನೀರಂಚಿನ ಹೊಸಬೀದಿ

ಮಕಾವಿನಲ್ಲಿ ಬೀದಿಯ ಹೆಸರೆಂದರೆ
ಗೋಡೆಗೆ ಕಚ್ಚಿದ ಪಿಂಗಾಣಿ: ಬಿಳಿಯ ಮೇಲೆ ನೀಲಿ,
ಎಂಟು ಬಿಲ್ಲೆ, ಸುತ್ತ ಬಳ್ಳಿಯಂಚು.
ಮೇಲುಸಾಲು ಚೀನಿ, ಹಳೆಯ ಕ್ರಮದಲ್ಲಿ ಬಲದಿಂದ ಎಡಕ್ಕೆ.
ಕೆಳಸಾಲು ಪೋರ್ಚುಗೀಸು, ಎಡದಿಂದ ಬಲಕ್ಕೆ.
ಮೊನ್ನೆ ಮೀನಿನ ಲಾರಿಯೊಂದು ಹಿಂದಕ್ಕೆ ಬರುತ್ತ
ಬಲದಂಚಿನ ಎರಡು ಬಿಲ್ಲೆ ಉದುರಿಸಿತು,
ಒಂದರ ತಲೆ, ಇನ್ನೊಂದರ ಬಾಲ.

ಬಾಲ ಹೋದದ್ದು ಅಡ್ಮಿರಲ್ಲನದು.
ಯಾವ ಕಡಲಲ್ಲಿ ಯಾರನ್ನು ಗೆದ್ದನೋ,
ಈ ಬೀದಿಯಲ್ಲಂತೂ ಒಂದು ಕಟ್ಟು ಸೊಪ್ಪು ಕೊಂಡವನಲ್ಲ.
ತಲೆ ಹೋದದ್ದು ನೀರಿನದು.
ನೀರಂಚಿನ ಹೊಸಬೀದಿ ಎನ್ನುತ್ತಿತ್ತು ಮೇಲುಸಾಲು.
ನೀರು ಈಗ ಅರ್ಧ ಮೈಲಿ ಆಚೆ,
ಮಣ್ಣು ಸುರಿದು ಸುರಿದು ದೂಡಿದ್ದೇವೆ
(ಅದು ಯಾವ ಅಡ್ಮಿರಲ್ಲನ ಕೆಲಸವೂ ಅಲ್ಲ, ನಮ್ಮದೇ),
ಹೊಸದು ನನ್ನ ಮುತ್ತಜ್ಜನ ಕಾಲಕ್ಕೆ ಹೊಸದು.
ಹೆಸರಿಗೆ ಮಾತ್ರ ಎನ್ನುತ್ತಾರಲ್ಲ, ಹಾಗೆ.

ಪಾಲಿಕೆಯ ಮಿಸ್ ವೊಂಗ್ ಟೇಪು ಹಿಡಿದು ಬಂದಳು.
ಇದ್ದದ್ದು ಇದ್ದ ಹಾಗೇ ಇರಬೇಕು, ಅಂದಳು, ಪರಂಪರೆ.
ಒಣಮೀನಿನ ಅಂಗಡಿಯ ಫೊಂಗ್ ತಾಯ್ ಕತ್ತಿ ಒರೆಸುತ್ತ,
ಹೋದ ಬಾಲ ಹೋಗಲಿ ಬಿಡಮ್ಮ,
ಮತ್ತೆ ಬೆಳೆಯಲಿಕ್ಕೆ ಅವನೇನು ಹಲ್ಲಿಯೆ?
ಎದುರು ಮಹಡಿಯ ಕಿಟಕಿಯಲ್ಲಿ ದೋನಾ ಎರ್ಮೆಲಿಂಡಾ.
ಆಕೆಯ ಮನೆಮಾತು ಆಡುವವರು ಊರಲ್ಲೀಗ
ಊಟದ ಒಂದು ಪಂಕ್ತಿಗೂ ಸಾಲುವುದಿಲ್ಲ.
ನನ್ನ ಗಂಡ ಇಪ್ಪತ್ತು ವರ್ಷ ಆ ಹೆಸರಿನ ಕೆಳಗೆ
ನಿಂತು ಛತ್ರಿ ರಿಪೇರಿ ಮಾಡಿದ,
ಅವನ ಹೆಸರಂತೂ ಯಾವ ಗೋಡೆಯ ಮೇಲೂ ಇಲ್ಲ,
ಇದ್ದ ಇದೊಂದನ್ನೂ ಅಳಿಸುತ್ತೀರಾ, ಎಂದಳು.
ಅದಕ್ಕೂ ಇದಕ್ಕೂ ಏನು ಸಂಬಂಧ
ಎಂದು ಯಾರೂ ಕೇಳಲಿಲ್ಲ. ಫೊಂಗ್ ತಾಯ್ ಕೂಡ.

ನಿವೃತ್ತ ಅಂಚೆಯಾಳು ಕ್ವೊಕ್ ಸಾಮ್-ಲುನ್ ನಕ್ಕ:
ಲಿಸ್ಬನ್ನಿನ ಕಾಗದ ಅಡ್ಮಿರಲ್ಲನಿಗೆ ಬರುತ್ತಿತ್ತು,
ಕ್ಯಾಂಟನ್ನಿನದು ನೀರಂಚಿಗೆ.
ಸಾಲದ ಚೀಟಿ, ಹುಡುಗರು ಹುಡುಗಿಯರಿಗೆ ಬರೆದದ್ದು,
ಎಲ್ಲ ಬರುತ್ತಿದ್ದುದು ಬೆಕ್ಕಿನ ಸಂದಿಗೆ.
ಅಡ್ಡಬೀದಿಗೆ ಅಡ್ಡಹೆಸರು; ಯಾವ ಫಲಕದಲ್ಲೂ ಇಲ್ಲ.
ಮೂರೂ ಒಂದೇ ಚೀಲದಲ್ಲಿ ತೆಪ್ಪಗಿರುತ್ತಿದ್ದವು.
ಜಗಳವೆಲ್ಲ ನಾನು ಬಾಗಿಲು ತಟ್ಟಿದ ಮೇಲೆ.

ಬಿಲ್ಲೆ ಬರೆದವರು ನನ್ನ ಮೇಸ್ತ್ರಿ ಲಿಯೊಂಗ್.
ಪೋರ್ಚುಗೀಸಿನ ಒಂದಕ್ಷರ ಗೊತ್ತಿಲ್ಲ ಅವರಿಗೆ.
ಹಾವು, ಮೊಟ್ಟೆ, ಮತ್ತೆ ಹಾವು ಎಂದುಕೊಳ್ಳುತ್ತ
ಅಡ್ಮಿರಲ್ಲನ ಕೊನೆ ಬರೆದರು, ಒಂದು ಕೂದಲೂ ಆಚೀಚೆಯಿಲ್ಲ.
ಈಗೀಗ ಕೈ ನಡುಗುತ್ತದೆ.
ನೀರು ಬರೆಯುವಾಗ ನಡುಗಿದರೆ ಒಳ್ಳೆಯದೇ, ಎಂದರು.

ಏಣಿ ಹತ್ತಿ ಹಳೆಯ ಗಾರೆ ಕೆರೆದೆ.
ಒಳಗೋಡೆಯ ಮೇಲೆ ಸೀಸದ ಗೀಟು,
ಸಂತೆಯ ಲೆಕ್ಕದಲ್ಲಿ ಬಳಸುವ ಹಳೆಯ ಅಂಕಿ:
ಸುಣ್ಣ ಎರಡೂವರೆ. ಮರಳು ನಾಲ್ಕು. ಚಹಾ ಮೂರು.
ಕೂಲಿ, ಬಾಕಿ.
ಬರೆದವನ ಹೆಸರಿರಲಿಲ್ಲ.
ಬೆರಳಿಟ್ಟು ನೋಡಿದೆ, ಸೀಸದ ಕಪ್ಪು ಇನ್ನೂ ಹತ್ತುತ್ತಿತ್ತು.

ಏನಾದರೂ ಸಿಕ್ಕಿತೇ, ಎಂದಳು ಕೆಳಗೆ
ಏಣಿ ಹಿಡಿದು ನಿಂತ ಮಿಸ್ ವೊಂಗ್.
ಸಿಕ್ಕಿತೆಂದರೆ ಇಡೀ ಗೋಡೆಗೆ ಗಾಜು ಹಾಕಿಸುತ್ತಾಳೆ,
ಗಾಜಿನ ಕೆಳಗೆ ಇನ್ನೊಂದು ಫಲಕ, ಅದಕ್ಕೂ ಎರಡು ಭಾಷೆ.
ಏನಿಲ್ಲ, ಹಳೆ ಸುಣ್ಣ, ಎಂದೆ.

ಕಿವಿಯ ಸಂದಿನಿಂದ ಪೆನ್ಸಿಲು ತೆಗೆದು
ಅವನ ಲೆಕ್ಕದ ಕೆಳಗೆ ನನ್ನದು ಬರೆದೆ:
ಸುಣ್ಣ ಒಂದು. ಚಹಾ ಎರಡು.
ಆಮೇಲೆ ಬಾಲ ಕೂಡಿಸಿದೆ.
ನೀರನ್ನು ಕೊನೆಗೆ. ಗಾರೆ ಬಳಿದು, ಕೂರಿಸಿ,
ಅದು ಕಚ್ಚಿಕೊಳ್ಳುವ ತನಕ
ಅಂಗೈ ಒತ್ತಿ ಹಿಡಿದು
ನೂರು ಎಣಿಸಿದೆ.